ಜೀರ್ಣಫೋನೋದ್ಧಾರ ಮೀಮಾಂಸೆ

ಹಳೆಯ ಫೋನನ್ನು ರಿಪೇರಿ ಮಾಡಿಸಬೇಕೋ, ಹೊಸದನ್ನೇ ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದವರ ಕೈಗೆ ಬಿಟ್ಟದ್ದೇ ತಪ್ಪಾಯಿತು. ರಿಪೇರಿಯ ಖರ್ಚು ಹೊಸ ಫೋನಿನ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ ಎಂದು ಒಂದೇ ಸಾಲಿನ ಸೂತ್ರ ಹೇಳಿ ಅವರು ಕೈತೊಳೆದುಕೊಂಡರು. ಪುತ್ತೂರು ಸೀಮೆಯಲ್ಲಿ ಇದಕ್ಕಿಂತ ಎಷ್ಟೋ ಪಕ್ವವಾದ ಶಾಸ್ತ್ರವೊಂದು ಮೊದಲಿನಿಂದಲೂ ಇದೆ. ಅದು ದೇವಸ್ಥಾನದ ಜೀರ್ಣೋದ್ಧಾರ ವಿಧಿ. ಮಾಡು ಸೋರಿತು, ಗೋಡೆ ಬಿರುಕು ಬಿಟ್ಟಿತು ಎಂದು ಈ ಕಡೆ ಯಾರೂ ಬೇರೆ ದೇವರನ್ನು ತರಲು ಹೋಗುವುದಿಲ್ಲ. ಅಷ್ಟಮಂಗಲ ಪ್ರಶ್ನೆ ಇಟ್ಟು ದೋಷ ಯಾವುದೆಂದು ತಿಳಿಯುತ್ತಾರೆ. ಸಾನ್ನಿಧ್ಯವನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯಕ್ಕೆ ಇಳಿಸುತ್ತಾರೆ. ಕೆಟ್ಟದ್ದನ್ನು ಸರಿಮಾಡಿ ಬ್ರಹ್ಮಕಲಶದೊಂದಿಗೆ ದೇವರನ್ನು ಮತ್ತೆ ಒಳಗೆ ಕೂರಿಸುತ್ತಾರೆ. ಫೋನಿಗೂ ಇದೇ ವಿಧಿ ಸಲ್ಲುತ್ತದೆ, ಸಾನ್ನಿಧ್ಯ ಹೋಗುವ ತನಕ ಫೋನನ್ನು ಬಿಡತಕ್ಕದ್ದಲ್ಲ ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಬಲವಂತದ ಸ್ಥಳಾಂತರದಿಂದ ಏನಾಗುತ್ತದೆ ಎಂಬುದಕ್ಕೆ ಊರಿನ ಸ್ಥಳಪುರಾಣವೇ ಪ್ರಮಾಣ. ಮಹಾಲಿಂಗೇಶ್ವರನ ಲಿಂಗವನ್ನು ಆನೆ ಕಟ್ಟಿ ಎಳೆಸಿದರಂತೆ. ಲಿಂಗ ಕದಲಲಿಲ್ಲ, ಆನೆಯೇ ಛಿದ್ರವಾಗಿ ಕೊಂಬು ಕೊಂಬೆಟ್ಟಿನಲ್ಲಿ, ಬಾಲ ಬಲ್ನಾಡಿನಲ್ಲಿ ಬಿತ್ತಂತೆ. ಬಿಡಿಭಾಗಗಳು ತಾಲೂಕಿನಾದ್ಯಂತ ಚದುರಿಹೋಗಿ ಒಂದು ಕಡೆ ಸಿಗದಂತಾದ ಪ್ರಥಮ ಪ್ರಕರಣ ಇದೇ ಇರಬೇಕು.

ಮೊದಲು ದೋಷನಿರ್ಣಯ. ಪುತ್ತೂರು, ಸುಳ್ಯ, ಕಡಬದಲ್ಲಿ ಫೋನಿನ ತಲೆಗೆ ಕಟ್ಟುವ ದೂರುಗಳಲ್ಲಿ ಎಷ್ಟೋ ಫೋನಿನವಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳಚ್ಚಿನ ಸೆನ್ಸರ್ ಯಜಮಾನನನ್ನೇ ಗುರುತಿಸುವುದಿಲ್ಲ. ಸೆನ್ಸರ್ ನೋಡುವುದು ಬೆರಳಿನ ಗೆರೆಗಳನ್ನು. ದಿನವಿಡೀ ಸುಲಿದ ಹೆಬ್ಬೆರಳಿನಲ್ಲಿ ಗೆರೆ ಸವೆದು, ಸಿಪ್ಪೆಯ ಚೊಗರು ಕಪ್ಪಗೆ ಕೂತಿರುತ್ತದೆ. ಗೇರುಬೀಜದ ಸೊನೆ ತಾಗಿ ಚರ್ಮ ಸುಲಿದವರ ಕಥೆಯೂ ಅದೇ. ಆ ಬೆರಳಿಗೆ ರೇಷನ್ ಅಂಗಡಿಯ ಯಂತ್ರವೂ ಒಲಿಯುವುದಿಲ್ಲ, ಹಾಗೆಂದು ಯಾರೂ ರೇಷನ್ ಕಾರ್ಡು ಬಿಸಾಡಿದ್ದಿಲ್ಲ. ಎರಡನೆಯ ದೂರು, ‘ಚಾರ್ಜ್ ನಿಲ್ಲುವುದೇ ಇಲ್ಲ ಮಾರಾಯ್ರೆ’ ಎಂಬುದು. ಘಟ್ಟದ ಬುಡದ ಮನೆಗಳಲ್ಲಿ ಟವರಿಗೂ ಅಂಗಳಕ್ಕೂ ನಡುವೆ ಒಂದು ಗುಡ್ಡ ಇದ್ದೇ ಇರುತ್ತದೆ. ರೇಂಜ್ ಕ್ಷೀಣವಾದಷ್ಟೂ ಫೋನು ಹೆಚ್ಚು ಶಕ್ತಿ ಸುರಿದು ಟವರನ್ನು ಕೂಗುತ್ತದೆ, ಬಿಸಿಯಾಗುತ್ತದೆ, ಸಂಜೆಯೊಳಗೆ ಮಲಗುತ್ತದೆ. ಅದೇ ಫೋನು ಪುತ್ತೂರು ಪೇಟೆಯ ದರ್ಬೆಯಲ್ಲಿ ರಾತ್ರಿಯವರೆಗೂ ಲವಲವಿಕೆಯಿಂದ ಇರುತ್ತದೆ. ಆದ್ದರಿಂದ ಇದು ಗುಡ್ಡದೋಷ. ಗುಡ್ಡಕ್ಕೆ ಪ್ರಾಯಶ್ಚಿತ್ತ ವಿಧಿಸುವ ಅಧಿಕಾರ ಯಾವ ಅಂಗಡಿಯವರಿಗೂ ಇಲ್ಲ.

ಜಲದೋಷದ ವಿಚಾರ ಹಾಗಲ್ಲ, ಅದು ಗಂಭೀರ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ಈ ಕುರಿತು ಎರಡು ಸಂಪ್ರದಾಯಗಳು ಬೆಳೆದಿವೆ. ನೆನೆದ ಫೋನನ್ನು ಕುಚ್ಚಿಲಕ್ಕಿಯ ಡಬ್ಬದಲ್ಲಿ ಹೂಳಬೇಕೆನ್ನುವವರು ಒಂದು ಕಡೆ, ಬೆಳ್ತಿಗೆಯೇ ಶ್ರೇಷ್ಠವೆನ್ನುವವರು ಇನ್ನೊಂದು ಕಡೆ. ಇಬ್ಬರೂ ಮರೆಯುವ ಸಂಗತಿಯೆಂದರೆ, ಆಟಿ ತಿಂಗಳಲ್ಲಿ ಅಕ್ಕಿಯೇ ತಂಡಿ ಹಿಡಿದಿರುತ್ತದೆ. ಆ್ಯಪಲ್ ಕಂಪನಿಯವರೇ ತಮ್ಮ ಫೋನನ್ನು ಅಕ್ಕಿಯಲ್ಲಿಡಬೇಡಿ, ನುಚ್ಚು ಒಳಹೋಗಿ ಹಾಳಾದೀತು ಎಂದು ಸೂಚನೆ ಕೊಟ್ಟ ಮೇಲೆ ಎರಡೂ ಪಂಥಗಳಿಗೆ ಶಬ್ದಪ್ರಮಾಣದ ಬೆಂಬಲ ತಪ್ಪಿತು. ನೀರಿಗಿಂತ ಕೆಟ್ಟದ್ದು ನೀರಿನಲ್ಲಿ ಕರಗಿದ ಲವಣ ಮತ್ತು ಒಳಗೆ ಹರಿಯುತ್ತಲೇ ಇರುವ ಕರೆಂಟು. ಇವೆರಡು ಸೇರಿದರೆ ಬೋರ್ಡು ತಿನ್ನುತ್ತವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮದ್ದು ಬಿಡುವವರು ಫೋನನ್ನು ತೊಟ್ಟೆಯಲ್ಲಿ ಸುತ್ತಿ ಕಿಸೆಗೆ ಹಾಕುವುದು ಈ ತತ್ತ್ವವನ್ನು ಅರಿತೇ. ನೆನೆದೊಡನೆ ಫೋನನ್ನು ಆಫ್ ಮಾಡುವುದು, ಚಾರ್ಜಿಗೆ ಇಡದಿರುವುದು, ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಬಲ್ಲವರ ಹತ್ತಿರ ಒಯ್ಯುವುದು ಮಾತ್ರ ಸಮ್ಮತ ವಿಧಿ. ಅಕ್ಕಿಯನ್ನು ಅನ್ನ ಮಾಡಬಹುದು.

ಇನ್ನು ಪ್ರಶ್ನೆ ಇಡುವ ಕ್ರಮ. ಅಂಗಡಿಯವರು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿ, ಹಿಂಬದಿ ಬಿಚ್ಚಿ, ಮೊದಲು ಕೇಳುವುದು ‘ನೀರು ಬಿದ್ದಿತ್ತಾ?’ ಎಂದು. ಗಿರಾಕಿ ಇಲ್ಲವೇ ಇಲ್ಲ ಎಂದು ಆಣೆ ಹಾಕುತ್ತಾನೆ. ಒಳಗೆ ಅಂಟಿಸಿದ ಬಿಳಿ ಚುಕ್ಕೆ ಅಷ್ಟರಲ್ಲಿ ಕೆಂಪಾಗಿ ಕೂತಿರುತ್ತದೆ; ಒದ್ದೆಯಾದರೆ ಬಣ್ಣ ತಿರುಗುವಂತೆ ಅದನ್ನು ಮಾಡಿಟ್ಟದ್ದೇ ಹಳೆಯ ಅಪಚಾರ ಬಯಲಾಗಲಿ ಎಂದು. ಈ ಪ್ರಶ್ನೆಯಲ್ಲಿ ತೋರುವ ದೋಷಗಳು ಮುಖ್ಯವಾಗಿ ನಾಲ್ಕು. ಚಾರ್ಜಿಂಗ್ ಪಿನ್ ಸಡಿಲವಾದದ್ದು ಹಂಚು ಜಾರಿದಷ್ಟೇ, ಯೋಚನೆ ಬೇಡ. ಅನೇಕ ಸಲ ಒಳಗೆ ಕೂತ ಕಿಸೆಯ ಧೂಳನ್ನು ತೆಗೆದರೆ ಸಾಕು. ಬ್ಯಾಟರಿ ಸವೆಯುವುದು ರೋಗವಲ್ಲ, ವಯೋಧರ್ಮ. ಲಿಥಿಯಂ ಬ್ಯಾಟರಿ ಐನೂರು ಸಲವೋ ಎಂಟುನೂರು ಸಲವೋ ತುಂಬಿ ಬರಿದಾದ ಮೇಲೆ ಮೊದಲಿನ ಶೇ. 80ರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ಬದಲಿಸಿದರೆ ಎಷ್ಟೋ ಮುದಿ ಫೋನುಗಳು ಮತ್ತೆ ಹರೆಯಕ್ಕೆ ಬರುತ್ತವೆ. ಹಳೆಯ ಬ್ಯಾಟರಿಯ ಐಫೋನುಗಳನ್ನು ತಾನೇ ನಿಧಾನ ಮಾಡುತ್ತಿದ್ದೆ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಾಗ, ಫೋನಿಗೆ ವಯಸ್ಸಾಯಿತೆಂದು ಹೊಸದು ಕೊಂಡಿದ್ದವರ ಮುಖ ಹೇಗಾಗಿರಬೇಡ. ಆದರೆ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದರೆ ಮಾತ್ರ ಶಾಸ್ತ್ರಚರ್ಚೆ ನಿಲ್ಲಿಸಿ, ಚುಚ್ಚದೆ, ಚಾರ್ಜ್ ಮಾಡದೆ, ಆವತ್ತೇ ತೆಗೆಸಬೇಕು. ಡಿಸ್‌ಪ್ಲೇಯದ್ದು ವಿವಾದಾಸ್ಪದ ವಿಷಯ. ಒರಿಜಿನಲ್, ಕಾಪಿ ಎಂದು ಅಂಗಡಿಯಲ್ಲಿ ಹೇಳುವ ಭೇದಕ್ಕೆ ವಾರಂಟಿ ಚೀಟಿಯ ಹೊರತು ಬೇರೆ ಪ್ರಮಾಣ ಸಿಗುವುದು ಕಷ್ಟ. ಅರ್ಧ ಬೆಲೆಯ ಸೂತ್ರಕ್ಕೆ ಒಂದಿಷ್ಟು ಗೌರವ ಕೊಡಬೇಕಾದ ಜಾಗ ಇದೊಂದೇ. ‘ಬೋರ್ಡ್ ಹೋಗಿದೆ’ ಎಂಬ ನಾಲ್ಕನೆಯ ಮಾತು ಬಂದರೆ ಇನ್ನೊಬ್ಬರಲ್ಲಿ ಮತ್ತೊಮ್ಮೆ ಪ್ರಶ್ನೆ ಇಡುವುದು ಲೇಸು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಪಿನ್ ಬದಲಿಸಿ, ಬ್ಯಾಟರಿ ಬದಲಿಸಿ, ಡಿಸ್‌ಪ್ಲೇ ಬದಲಿಸಿದ ಮೇಲೆ ಅದು ಹಳೆಯ ಫೋನು ಹೇಗಾಯಿತು? ಭಿಕ್ಷು ನಾಗಸೇನ ರಾಜ ಮಿಲಿಂದನಿಗೆ ಹಿಂದೆಯೇ ಇದನ್ನು ತಿಳಿಹೇಳಿದ್ದಾನೆ. ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗವೂ ರಥವಲ್ಲ. ಎಲ್ಲ ಕೂಡಿದಾಗ ರಥವೆಂಬ ಹೆಸರು ಬರುತ್ತದೆ. ಹಾಗಾದರೆ ಸಾನ್ನಿಧ್ಯ ಎಲ್ಲಿದೆ? ಫೋಟೋಗಳಲ್ಲಿ ಎನ್ನುವುದು ಸುಳ್ಳು, ಅವು ಯಾವ ಫೋನಿಗಾದರೂ ಹೋಗಿ ಕೂರುತ್ತವೆ. ಸಾನ್ನಿಧ್ಯ ಇರುವುದು ಕಂಪನಿ ಕಳಿಸುವ ಭದ್ರತಾ ಅಪ್‌ಡೇಟಿನಲ್ಲಿ. ಅದು ನಿಂತು ಬ್ಯಾಂಕಿನ ಆ್ಯಪ್ ‘ಈ ಫೋನಿನಲ್ಲಿ ನಡೆಯದು’ ಎಂದ ದಿನ, ಗಾಜು ಎಷ್ಟೇ ಫಳಫಳ ಹೊಳೆಯಲಿ, ಒಳಗೆ ದೇವರಿಲ್ಲ. ಆಂಡ್ರಾಯ್ಡ್ ಕಿಟ್‌ಕ್ಯಾಟ್ ಫೋನುಗಳನ್ನು ವಾಟ್ಸ್‌ಆ್ಯಪ್ 2025ರ ಜನವರಿಯಲ್ಲಿ ಕೈಬಿಟ್ಟಿತು. ಅವುಗಳಲ್ಲಿ ಡಿಸ್‌ಪ್ಲೇಗೆ ಗೀರೂ ಬೀಳದವು ಇದ್ದಿರಲಿಕ್ಕೆ ಸಾಕು. ಕೊಳ್ಳುವಾಗ ಕ್ಯಾಮರಾದ ಮೆಗಾಪಿಕ್ಸೆಲ್ ಎಣಿಸುವವರು ಅಪ್‌ಡೇಟಿನ ವರ್ಷ ಎಣಿಸುವುದಿಲ್ಲ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಏಳು ವರ್ಷದ ಮಾತು ಕೊಟ್ಟಿವೆ. ಅಗ್ಗದ ಫೋನುಗಳ ಭರವಸೆ ಇದಕ್ಕಿಂತ ಬಹಳ ಗಿಡ್ಡ.

ಎರಡನೆಯ ಆಕ್ಷೇಪ ಬಲವಾದದ್ದು: ವಿಧಿಯೇನೋ ಸರಿ, ಆದರೆ ‘ಪಾರ್ಟ್ ಮಂಗಳೂರಿಂದ ಬರಬೇಕು, ಬಂದರೆ ಫೋನ್ ಮಾಡ್ತೇನೆ’ ಎನ್ನುತ್ತಾರಲ್ಲ, ಯಾವ ಫೋನಿಗೆ ಮಾಡುತ್ತಾರೆ? ಇದಕ್ಕಾಗಿಯೇ ಬಾಲಾಲಯ. ಮನೆಯಲ್ಲೊಂದು ಬಟನ್ ಫೋನು ಇರತಕ್ಕದ್ದು. ಬಿಡಿಭಾಗದ ಕೊರತೆ ಫೋನಿನ ಸ್ವಭಾವವಲ್ಲ, ಮಾರುವವರ ಸ್ವಭಾವ. ಯೂರೋಪಿನ ಒಕ್ಕೂಟ 2025ರ ಜೂನ್ 20ರಿಂದ ಹೊಸ ಮಾದರಿಗಳ ಬಿಡಿಭಾಗವನ್ನು ಮಾರಾಟ ನಿಂತ ಮೇಲೂ ಏಳು ವರ್ಷ ಒದಗಿಸಬೇಕೆಂದು ಕಾನೂನೇ ಮಾಡಿದೆ. ನಮ್ಮಲ್ಲಿ 2022ರ ಡಿಸೆಂಬರ್ 24ರಂದು, ಗ್ರಾಹಕ ದಿನದಂದು, ರಿಪೇರಿಯ ಹಕ್ಕಿನ ಪೋರ್ಟಲ್ ಉದ್ಘಾಟನೆಯಾಯಿತು. ಕೆಟ್ಟ ಫೋನಿನವರು ಅದನ್ನು ಯಾವ ಫೋನಿನಲ್ಲಿ ತೆರೆಯಬೇಕೆಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಉಳಿದ ಆಕ್ಷೇಪ ಒಂದೇ, ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಡಿಕೆಗೆ ಒಳ್ಳೆಯ ರೇಟು ಬಂದ ವಾರವೇ ಫೋನು ಹ್ಯಾಂಗ್ ಆಗತೊಡಗುತ್ತದೆ. ಏಪ್ರಿಲ್ 10ಕ್ಕೆ ಮಹಾಲಿಂಗೇಶ್ವರನ ಜಾತ್ರೆಯ ಕೊಡಿ ಏರಿದರೆ ಕ್ಯಾಮರಾಕ್ಕೆ ಮಂಜು ಕವಿಯುತ್ತದೆ. 17ರ ಬೆಡಿಯ ವಿಡಿಯೋ ಇದರಲ್ಲಿ ಸರಿಯಾಗಿ ಬರುವುದಿಲ್ಲ ಎಂದು ಮನೆಮಂದಿಯೆಲ್ಲ ಒಪ್ಪುತ್ತಾರೆ. ರೇಟು ಬಿದ್ದ ವರ್ಷ ಅದೇ ಫೋನು ನಿರೋಗಿ. ಕಾರ್ಯ ಮೊದಲು ಹುಟ್ಟಿ ಕಾರಣ ಆಮೇಲೆ ಹುಟ್ಟುವ ಈ ಪರಿ ನೈಯಾಯಿಕರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಹೊಸದು ಬಂದ ಮೇಲೆ, ಇನ್ನು ಒಂದು ದಿನವೂ ನಡೆಯದು ಎಂದು ಸಾಬೀತಾಗಿದ್ದ ಹಳೆಯದನ್ನು ಅಮ್ಮನ ಕೈಗೆ ಕೊಡುತ್ತಾರೆ. ಅವರು ಅದರಲ್ಲಿ ಮತ್ತೂ ನಾಲ್ಕು ಮಳೆಗಾಲ ದೂಡುತ್ತಾರೆ.