ಮಲ್ಟಿಜಿಮ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಮತ್ತು ಸಜ್ಜಾದ ಎತ್ತರ

ಶಾಸ್ತ್ರಗಳೆಲ್ಲ ‘ಅಥ’ ಎಂಬ ಮಂಗಳಶಬ್ದದಿಂದ ಆರಂಭವಾದರೆ ಮಲ್ಟಿಜಿಮ್ ಶಾಸ್ತ್ರ ‘ನೋ ಕಾಸ್ಟ್ ಇಎಂಐ’ಯಿಂದ ಆರಂಭವಾಗುತ್ತದೆ. ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ಅನುಬಂಧ ಚತುಷ್ಟಯವನ್ನು ಮೊದಲಿಗೇ ಹೇಳಿಬಿಡುವುದು ವಾಡಿಕೆ. ಅಧಿಕಾರಿ ಎಂದರೆ, ರಕ್ತಪರೀಕ್ಷೆಯ ಚೀಟಿ ಓದಿದ ಡಾಕ್ಟರು ಕನ್ನಡಕದ ಮೇಲಿಂದ ಒಮ್ಮೆ ದಿಟ್ಟಿಸಿದ ಗೃಹಸ್ಥ. ವಿಷಯವು ಎದೆ, ಬೆನ್ನು, ತೋಳು, ತೊಡೆ ಎಲ್ಲಕ್ಕೂ ಒಂದೇ ಕಡೆ ಕೆಲಸ ಕೊಡುವ ಕಬ್ಬಿಣದ ಚೌಕಟ್ಟು. ಪ್ರಯೋಜನ ಸ್ನಾಯುಬಲ. ಇನ್ನು ಯಂತ್ರಕ್ಕೂ ಗೃಹಸ್ಥನಿಗೂ ಇರುವ ಸಂಬಂಧ ನಿತ್ಯವೋ ಅನಿತ್ಯವೋ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ.

ಈ ಶಾಸ್ತ್ರಕ್ಕೆ ಕನ್ನಡ ನೆಲದಲ್ಲಿ ಪೂರ್ವಾಚಾರ್ಯರಿಲ್ಲ ಎನ್ನುವವರು ಒಮ್ಮೆ ಕಲ್ಯಾಣದ ಕಡೆ ತಿರುಗಿ ನೋಡಬೇಕು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಲಾ 20 ಅಧ್ಯಾಯಗಳ ಐದು ವಿಂಶತಿಗಳಿವೆ. ಅಡುಗೆಯಿಂದ ಆನೆಯವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ವಿಂಗಡಿಸಿದ ಈ ದೊರೆ ಜಟ್ಟಿಗಳ ಸಾಧನೆಯನ್ನೂ ಬಿಡಲಿಲ್ಲ. ಮಲ್ಲವಿನೋದದ ಭಾಗದಲ್ಲಿ ತೂಕ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿಗಿಳಿದು ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಲ್ಲಕ್ಕೂ ಪ್ರತ್ಯೇಕ ಜಾಗವಿದೆ. ಭಾರಕ್ಕೆ ಮರಳಿನ ಚೀಲ ಬೇಕು, ಸ್ತಂಭಕ್ಕೆ ಕಂಬ ಬೇಕು, ಸಲಿಲಕ್ಕೆ ನೀರು ಬೇಕು. ಇಷ್ಟನ್ನೂ ಒಂದೇ ಯಂತ್ರಕ್ಕೆ ತುರುಕಬೇಕೆಂದು ಅವನಿಗೆ ಹೊಳೆಯದೇ ಹೋದದ್ದು ಬುದ್ಧಿಯ ಕೊರತೆಯಿಂದಲ್ಲ. ಅರಮನೆಯಲ್ಲಿ ಜಾಗಕ್ಕೆ ಬರವಿರಲಿಲ್ಲ, ಅಷ್ಟೆ.

ಯಂತ್ರವಾದದ ಮೂಲಪುರುಷನನ್ನು ಕಾಣಲು ಸ್ವೀಡನ್ನಿಗೆ ಹೋಗಬೇಕು. ಗುಸ್ತಾವ್ ಸಾಂಡರ್ ಎಂಬ ವೈದ್ಯ 1865ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಯಂತ್ರವ್ಯಾಯಾಮದ ಸಂಸ್ಥೆ ತೆರೆದ. ಅವನ ಕೆಲವು ಯಂತ್ರಗಳನ್ನು ರೋಗಿ ತಾನೇ ಎಳೆಯಬೇಕಿತ್ತು. ಕೆಲವು ಉಗಿಯ ಬಲದಿಂದ ನಡೆಯುತ್ತಿದ್ದವು. ರೋಗಿ ಸುಮ್ಮನೆ ಕೂತರೆ ಸಾಕು, ಯಂತ್ರವೇ ಅವನನ್ನು ಅಲ್ಲಾಡಿಸಿ, ತಟ್ಟಿ, ತಿಕ್ಕಿ ಕಳಿಸುತ್ತಿತ್ತು. ಆ ಕಾಲದ ಫೋಟೊಗಳಲ್ಲಿ ಕೋಟು ತೊಟ್ಟ ಗಂಡಸರೂ ಉದ್ದ ಲಂಗದ ಹೆಂಗಸರೂ ಒಂದು ಹನಿ ಬೆವರಿಲ್ಲದೆ ವ್ಯಾಯಾಮದಲ್ಲಿ ಮಗ್ನರಾಗಿದ್ದಾರೆ. ಇದಕ್ಕಿಂತ ಉನ್ನತ ಸ್ಥಿತಿಯನ್ನು ಈ ಶಾಸ್ತ್ರ ಆಮೇಲೆಂದೂ ಮುಟ್ಟಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿದ್ದ ವಿದ್ಯುತ್ ಒಂಟೆಯೂ ಇದೇ ಗೋತ್ರದ್ದು. ಮೇಲೇರಿ ಕೂತವರನ್ನು ಕುಲುಕುವುದಷ್ಟೇ ಅದರ ಕೆಲಸ.

ಈಗಿನ ಮಲ್ಟಿಜಿಮ್ಮಿನ ನೇರ ಪೂರ್ವಜ ಹುಟ್ಟಿದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ದೇಹದಾರ್ಢ್ಯಪಟು ಹೆರಾಲ್ಡ್ ಜಿಂಕಿನ್ 1957ರಲ್ಲಿ ‘ಯೂನಿವರ್ಸಲ್’ ಎಂಬ ಯಂತ್ರ ಕಟ್ಟಿದ. ಒಂದೇ ಚೌಕಟ್ಟಿನ ಸುತ್ತ ಹಲವು ನೆಲೆಗಳು, ಅವಕ್ಕೆ ಬೇರೆ ಬೇರೆ ತೂಕದ ಗುಡ್ಡೆಗಳು. ಒಂದು ತಂಡದ ಹುಡುಗರು ಸರದಿ ಕಾಯದೆ ಏಕಕಾಲಕ್ಕೆ ಕೈಕಾಲು ಆಡಿಸಬಹುದು ಎಂಬುದು ಅದರ ಹೆಚ್ಚುಗಾರಿಕೆ. ಶಾಲೆ ಕಾಲೇಜುಗಳಿಗೆ ಅದು ಹಿಡಿಸಿದ್ದೂ ಅದಕ್ಕೇ. ಅದೇ ಯಂತ್ರ ಮನೆಗೆ ಬರುವಾಗ ಚೌಕಟ್ಟು ಉಳಿಯಿತು, ಗುಡ್ಡೆಗಳು ಒಂದಕ್ಕಿಳಿದವು. ಹತ್ತು ಮಂದಿ ಒಮ್ಮೆಗೇ ಮಾಡುತ್ತಿದ್ದ ಹತ್ತು ಕೆಲಸಗಳನ್ನು ಒಬ್ಬನೇ ಒಂದಾದ ಮೇಲೊಂದು, ನಡುನಡುವೆ ಸೀಟು ಏರಿಸುತ್ತ, ಕೊಂಡಿ ಬದಲಿಸುತ್ತ ಮಾಡುವಂತಾಯಿತು. ಕ್ಯಾಟಲಾಗು ಇದನ್ನು ಅನುಕೂಲ ಎನ್ನುತ್ತದೆ. ಈ ಪ್ರಬಂಧಕ್ಕೆ ಇದೇ ಮೂಲದೋಷವಾಗಿ ಕಾಣುತ್ತದೆ.

ಜಿಂಕಿನ್ನನ ಅದ್ವೈತಕ್ಕೆ ಎದುರಾಳಿಯಾಗಿ 1970ರಲ್ಲಿ ಆರ್ಥರ್ ಜೋನ್ಸ್ ಬಂದ. ಇವನ ‘ನಾಟಿಲಸ್’ ಯಂತ್ರದಲ್ಲಿ ಚಿಪ್ಪಿನ ಸುರುಳಿಯಂಥ ಚಕ್ರವೊಂದಿದ್ದು, ಎಳೆತದ ಉದ್ದಕ್ಕೂ ಭಾರ ಬದಲಾಗುತ್ತ ಹೋಗುತ್ತಿತ್ತು. ಇವನದು ಶುದ್ಧ ಭೇದವಾದ: ಒಂದೊಂದು ಸ್ನಾಯುಗುಂಪಿಗೆ ಒಂದೊಂದು ಯಂತ್ರ. ಮೊಸಳೆ, ಆನೆ ಸಾಕಿಕೊಂಡಿದ್ದ ಆಸಾಮಿ. ಜಾಗದ ವಿಷಯದಲ್ಲಿ ಸೋಮೇಶ್ವರನ ಪಂಥದವನೇ ಎನ್ನಬೇಕು.

ಇನ್ನು ಪೂರ್ವಪಕ್ಷ. ಪೂರ್ವಪಕ್ಷಿಯು ಶೋರೂಮಿನಲ್ಲಿ ಕಂಪನಿಯ ಟೀ ಶರ್ಟು ತೊಟ್ಟು ನಿಂತಿರುತ್ತಾನೆ. “ಇದೊಂದರಲ್ಲೇ ನೂರಕ್ಕೂ ಹೆಚ್ಚು ಎಕ್ಸರ್‌ಸೈಜ್ ಆಗುತ್ತೆ ಸರ್” ಎಂಬುದು ಅವನ ಮೊದಲ ವಾದ. ಇದು ಶಬ್ದಪ್ರಮಾಣ. ಪ್ರತ್ಯಕ್ಷಕ್ಕೆ ಬಂದರೆ ದೇಹದ ದೊಡ್ಡ ಚಲನೆಗಳು ಬೆರಳೆಣಿಕೆಯವು: ನೂಕುವುದು, ಎಳೆಯುವುದು, ಕೂತು ಏಳುವುದು, ಬಗ್ಗಿ ಎತ್ತುವುದು, ಹೊತ್ತು ನಡೆಯುವುದು, ಸೊಂಟ ತಿರುಗಿಸುವುದು. ಅಂಗೈ ಮೇಲಾಗಿ ಎಳೆದರೆ ಒಂದು, ಕೆಳಗಾಗಿ ಎಳೆದರೆ ಇನ್ನೊಂದು, ಒಂಟಿ ಕೈಯಲ್ಲಿ ಎಳೆದರೆ ಮತ್ತೊಂದು ಎಂದು ಎಣಿಸುತ್ತ ಹೋದರೆ ನೂರೇನು, ಸಾವಿರವೂ ಆದೀತು. ರವೆಯೊಂದನ್ನೇ ಇಟ್ಟುಕೊಂಡು ಖಾರಾಬಾತು, ಕೇಸರಿಬಾತು, ಎರಡನ್ನೂ ಒಂದು ತಟ್ಟೆಗೆ ಬಡಿಸಿ ಚೌಚೌಬಾತು ಎಂದು ಬೋರ್ಡು ಬರೆಸುವ ಹೋಟೆಲಿನ ಲೆಕ್ಕವಿದು. ಆಶ್ಚರ್ಯವೆಂದರೆ, ಒಂಟಿ ಗುಡ್ಡೆಯ ಯಂತ್ರಗಳಲ್ಲಿ ಬಹುಪಾಲಿಗೆ ಕೂತು ಏಳುವುದೂ ಬಗ್ಗಿ ಎತ್ತುವುದೂ ಸರಿಯಾಗಿ ಬರುವುದಿಲ್ಲ. ಸೀಟಿನ ತುದಿಯಲ್ಲಿ ಕೂತು ಮೊಣಕಾಲು ಚಾಚುವ ಲೆಗ್ ಎಕ್ಸ್‌ಟೆನ್ಶನ್ ಇರುತ್ತದೆ. ಕಾಲಿನಿಂದ ನೂಕುವ ಲೆಗ್ ಪ್ರೆಸ್ ಬೇಕೆಂದರೆ ಅನೇಕ ಮಾದರಿಗಳಲ್ಲಿ ಬೇರೆ ದುಡ್ಡು, ಬೇರೆ ಜಾಗ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ಬಸ್ಕಿಯೇ ನೂರರ ಪಟ್ಟಿಯಿಂದ ತಪ್ಪಿಸಿಕೊಂಡಿದೆ.

ಎರಡನೆಯ ವಾದ ತೂಕದ್ದು. “72 ಕೆಜಿ ಸ್ಟ್ಯಾಕ್ ಸರ್.” ಮಾಯಾವಾದ ಪ್ರವೇಶಿಸುವುದು ಇಲ್ಲಿ.

ಕೇಬಲ್ಲಿನ ಜಾಡು ಹಿಡಿದು ಹೋದರೆ ವಿಷಯ ಬಿಡಿಸಿಕೊಳ್ಳುತ್ತದೆ. ಮೇಲಿನ ಬಾರಿನ ನಡುವೆ ಒಂದು ಕೊಂಡಿ. ಅಲ್ಲಿಂದ ಹೊರಟ ಉಕ್ಕಿನ ಕೇಬಲ್ಲು ಕಪ್ಪು ನೈಲಾನಿನ ಹೊದಿಕೆಯಲ್ಲಿ ತಲೆಯ ಮೇಲಿನ ರಾಟೆ ದಾಟಿ, ಕಂಬದ ಹಿಂಬದಿಯಲ್ಲಿ ಇಳಿದು, ಯಾವುದಕ್ಕೂ ಬಿಗಿಯದೆ ಕೇಬಲ್ಲುಗಳ ನಡುವೆಯೇ ತೂಗಾಡುವ ಜೋಡಿ ರಾಟೆಯೊಂದನ್ನು ಬಳಸಿ, ಮತ್ತೆ ಮೇಲೇರಿ, ಕೊನೆಗೆ ಗುಡ್ಡೆಯ ನೆತ್ತಿಯ ಬೋಲ್ಟಿಗೆ ಕಚ್ಚಿಕೊಳ್ಳುತ್ತದೆ. ಎಲ್ಲ ರಾಟೆಗಳೂ ಚೌಕಟ್ಟಿಗೆ ಬಿಗಿದವಾಗಿದ್ದರೆ ಬರೆದ ತೂಕವೇ ಕೈಗೆ ಬರುತ್ತದೆ. ತೂಕದ ಜೊತೆ ಏರುವ ರಾಟೆಯೊಂದು ಸೇರಿಕೊಂಡರೆ ಎಳೆಯಬೇಕಾದ ದೂರ ಇಮ್ಮಡಿ, ಬಲ ಅರ್ಧ. 72 ಎಂದು ಓದಿಕೊಂಡು ಕೂತವನ ಕೈಗೆ 36 ಬರುತ್ತದೆ. ಅದೇ ಗುಡ್ಡೆಯನ್ನು ಎದೆಯ ಮುಂದಿನ ಹಿಡಿಯಿಂದ ನೂಕಿದರೆ, ಸನ್ನೆಯ ಉದ್ದಕ್ಕೆ ತಕ್ಕಂತೆ, ಬರೆದದ್ದಕ್ಕಿಂತ ಹೆಚ್ಚೂ ಆಗಬಹುದು. ಇದರ ಮೇಲೆ ರಾಟೆಗಳ ಘರ್ಷಣೆ. ಪ್ರಾಮಾಣಿಕ ತಯಾರಕರು ಯಾವ ನೆಲೆಯಲ್ಲಿ ಎಷ್ಟು ಪ್ಲೇಟಿಗೆ ಎಷ್ಟು ಭಾರ ಬರುತ್ತದೆಂಬ ಕೋಷ್ಟಕವನ್ನು ಕೈಪಿಡಿಯಲ್ಲಿ ಅಚ್ಚುಹಾಕಿಸುತ್ತಾರೆ. ಅದನ್ನು ಓದಿದವರು ಆಫೀಸಿನಲ್ಲಿ “ನಿನ್ನೆ ಎಪ್ಪತ್ತು ಎತ್ತಿದೆ” ಎನ್ನುವ ಮುಂಚೆ ಸ್ವಲ್ಪ ತಡವರಿಸುವುದುಂಟು.

ತರ್ಕಶಾಸ್ತ್ರದ ದೋಷಗಳೂ ಈ ಗುಡ್ಡೆಯಲ್ಲಿ ಮೈದಾಳಿವೆ. ಪ್ಲೇಟು ಒಂದಕ್ಕೆ 5 ಕೆಜಿ ಎಂದಿಟ್ಟುಕೊಂಡರೆ, ತೋಳನ್ನು ಪಕ್ಕಕ್ಕೆ ಎತ್ತುವ ಭುಜದ ವ್ಯಾಯಾಮದಲ್ಲಿ ಮೊದಲ ಪ್ಲೇಟಿನಿಂದ ಎರಡನೆಯದಕ್ಕೆ ಹಾರುವುದೆಂದರೆ ಭಾರ ಒಮ್ಮೆಗೇ ಎರಡು ಪಟ್ಟು: ಅತಿವ್ಯಾಪ್ತಿ. ತೊಡೆಗೋ, ನಿಯಮವಾಗಿ ಮಾಡಿದರೆ ಕೆಲವೇ ತಿಂಗಳಲ್ಲಿ ಪೂರ್ತಿ ಗುಡ್ಡೆಯೂ ಸಾಲದು: ಅವ್ಯಾಪ್ತಿ. ಯಂತ್ರದ ಪರವಾಗಿ ಹೇಳಬೇಕಾದ್ದೂ ಇದೆ. ಕೈ ಸೋತರೆ ಬಿಟ್ಟುಬಿಡಬಹುದು. ಎದೆಯ ಮೇಲೆ ಕಬ್ಬಿಣದ ಸರಳು ಕೂರುವ ಭಯವಿಲ್ಲ, ಹಿಂದೆ ನಿಂತು ಹಿಡಿಯುವವರು ಬೇಕಿಲ್ಲ. ಒಂಟಿಯಾಗಿ ಅಭ್ಯಾಸ ಮಾಡುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಇದು ಸಣ್ಣ ಮಾತಲ್ಲ.

ಗುಡ್ಡೆಯ ಪ್ರಾಮಾಣ್ಯವನ್ನು ಒಪ್ಪುವವರು ಆಸ್ತಿಕರಾದರೆ, ಒಪ್ಪದ ನಾಸ್ತಿಕ ದರ್ಶನಗಳು ಮೂರ್ನಾಲ್ಕಿವೆ. ಇಥಿಯೋಪಿಯಾ ಮೂಲದ ತೆಸ್ಸೆಮಾ ಶಿಫೆರಾ ರೂಪಿಸಿದ ‘ಬೋಫ್ಲೆಕ್ಸ್’ನಲ್ಲಿ ತೂಕದ ಬದಲು ಬಿಲ್ಲಿನಂತೆ ಬಗ್ಗುವ ಸರಳುಗಳು. ಬಗ್ಗಿದಷ್ಟೂ ಬಿಗಿ, ಹಾಗಾಗಿ ಎಳೆತದ ಆರಂಭ ಹಗುರ, ಅಂತ್ಯ ಭಾರ. ಆ ಕಂಪನಿ 2024ರಲ್ಲಿ ದಿವಾಳಿ ರಕ್ಷಣೆ ಕೋರಿತು, ಸರಳುಗಳು ಮಾತ್ರ ಲೋಕದ ಗ್ಯಾರೇಜುಗಳಲ್ಲಿ ಇನ್ನೂ ಬಗ್ಗುತ್ತಿವೆ. ಚಕ್ ನಾರಿಸ್ ಟಿವಿಯಲ್ಲಿ ಮಾರಿದ ‘ಟೋಟಲ್ ಜಿಮ್’ನದು ಇಳಿಜಾರಿನ ದರ್ಶನ: ಜಾರುವ ಹಲಗೆಯ ಮೇಲೆ ಮಲಗಿದವನಿಗೆ ತನ್ನ ಮೈಭಾರವೇ ತೂಕ. ಹಲಗೆ 30 ಡಿಗ್ರಿ ಓರೆಯಾಗಿದ್ದರೆ ಇಳಿಜಾರಿನ ಗುಂಟ ಬರುವುದು ಮೈತೂಕದ ಅರ್ಧ. ಅಂದರೆ ಪಥ್ಯ ಮಾಡಿ ತೂಕ ಇಳಿಸಿದವನಿಗೆ ಯಂತ್ರವೂ ಹಗುರಾಗುತ್ತದೆ. ಗೋಡೆಗೆ ತೂಗುವ ‘ಟೋನಲ್’ ಶೂನ್ಯವಾದಿ. ಅದರೊಳಗೆ ಪ್ಲೇಟುಗಳೇ ಇಲ್ಲ, ಮೊದಲ ಮಾದರಿಯಲ್ಲಿ ವಿದ್ಯುತ್ಕಾಂತೀಯ ಮೋಟಾರು 200 ಪೌಂಡಿನವರೆಗೆ ಎದುರೆಳೆಯುತ್ತದೆ. ಶೂನ್ಯಕ್ಕೂ ತಿಂಗಳ ಚಂದಾ ಇದೆ.

ಎಲ್ಲ ಯಂತ್ರಗಳನ್ನೂ ನಿರಾಕರಿಸುವ ಚಾರ್ವಾಕರು ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ಹೆಸರು ಹೇಳುತ್ತಾರೆ. ಹರ್ಕ್ಯುಲಿಸ್ ಜಿಮ್ನೇಶಿಯಂ ನಡೆಸಿದ, ‘ಶಾಂತಲಾ’ ಕಾದಂಬರಿ ಬರೆದ ಅಯ್ಯರ್ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಲಿಸಿದವರು. ಲಕೋಟೆ ನೆಲದ ಮೇಲೆ ಜಾಗ ಹಿಡಿಯುವುದಿಲ್ಲ. ಅದರೊಳಗಿನ ಪಾಠ ಅಯ್ಯರ್ ಅವರಂಥ ಗುರುವಿನದು ಎಂಬುದೊಂದನ್ನು ಚಾರ್ವಾಕರು ಮರೆಯುತ್ತಾರೆ.

ಇನ್ನು ಸ್ಥಾಪನಾ ಪ್ರಕರಣ. ಯಂತ್ರದ ಎತ್ತರ ಸಾಮಾನ್ಯವಾಗಿ 7 ಅಡಿಯ ಆಸುಪಾಸು. ನಮ್ಮ ಮನೆಗಳ ಕೋಣೆಯಲ್ಲಿ ಹಳೆ ಪಾತ್ರೆ, ಸೂಟ್‌ಕೇಸು ಇಡುವ ಸಜ್ಜಾ ಇರುವುದೂ ಬಾಗಿಲ ಲಿಂಟಲ್ಲಿನ ಮಟ್ಟದಲ್ಲಿ, ಅಂದರೆ ಅದೇ 7 ಅಡಿಯಲ್ಲಿ. ಕ್ಯಾಟಲಾಗಿನಲ್ಲಿ ಸಜ್ಜಾ ಇಲ್ಲ, ಸೀಲಿಂಗ್ ಫ್ಯಾನೂ ಇಲ್ಲ. ಆದ್ದರಿಂದ ಟೇಪು ಹಿಡಿಯುವಾಗ ಯಂತ್ರವನ್ನಷ್ಟೇ ಅಳೆದರೆ ಸಾಲದು. ಲೆಗ್ ಎಕ್ಸ್‌ಟೆನ್ಶನ್‌ನಲ್ಲಿ ಚಾಚಿದ ಕಾಲು, ಎದೆಯ ವ್ಯಾಯಾಮಕ್ಕೆ ಅಗಲಿಸಿದ ತೋಳು, ಹಿಂಬದಿಯ ಬೋಲ್ಟು ಬಿಗಿಯಲು ನುಸುಳುವ ಮೈ, ಇಷ್ಟನ್ನೂ ಸೇರಿಸಬೇಕು. ವಾಸ್ತುವಿನ ತೊಡಕು ಬೇರೆ. ಭಾರದ ವಸ್ತು ನೈಋತ್ಯದಲ್ಲಿರಬೇಕು, ಯಜಮಾನನ ಮಲಗುವ ಕೋಣೆಯೂ ನೈಋತ್ಯದಲ್ಲೇ ಇರಬೇಕು ಎನ್ನುತ್ತಾರೆ. ಮಂಚಕ್ಕೂ ಮಲ್ಟಿಜಿಮ್ಮಿಗೂ ಮೂಲೆಯ ವ್ಯಾಜ್ಯ ಹುಟ್ಟಿದಾಗ ಗೆಲ್ಲುವುದು ಸಾಮಾನ್ಯವಾಗಿ ಮಂಚ. ನೆಲ ಕುಸಿಯುವ ಭಯ ಬೇಡ: ವಾಸದ ಮನೆಯ ಮಹಡಿ ಚದರ ಮೀಟರಿಗೆ ಸುಮಾರು 200 ಕೆಜಿ ತಾಳಬೇಕೆಂಬುದು ಭಾರತೀಯ ಮಾನಕ, ಯಂತ್ರವೂ ಅದರ ಮೇಲಿನ ಮನುಷ್ಯನೂ ಹರಡಿಕೊಳ್ಳುವ ಜಾಗಕ್ಕೆ ಲೆಕ್ಕ ಹಾಕಿದರೆ ಅದರೊಳಗೇ ಇರುತ್ತಾರೆ. ಪ್ಲೇಟು ಬಿದ್ದ ಸದ್ದನ್ನು ಕೆಳಮನೆಯವರು ತಾಳಬೇಕೆಂಬ ಮಾನಕ ಇನ್ನೂ ಬಂದಿಲ್ಲ. ದಪ್ಪ ರಬ್ಬರ್ ಮ್ಯಾಟು ಕಡ್ಡಾಯ.

ಇಷ್ಟಾದ ಮೇಲೆ ಸಿದ್ಧಾಂತ. ವ್ಯಾಯಾಮಗಳನ್ನು ಎಣಿಸುವ ಮುಂಚೆ ಮನೆಯಲ್ಲಿ ಮಾಡುವವರನ್ನು ಎಣಿಸಬೇಕು. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಬ್ಬರೇ ಆದರೆ ಒಂಟಿ ಗುಡ್ಡೆ ಸಾಕು. ಗಂಡ, ಹೆಂಡತಿ, ಕಾಲೇಜಿನ ಮಗ ಮೂವರೂ ಬೆಳಗ್ಗೆ ಆರರಿಂದ ಏಳರ ನಡುವೆಯೇ ಮಾಡುವವರಾದರೆ ಎರಡು ಗುಡ್ಡೆಯ ಯಂತ್ರವಾಗಲಿ, ಒಂದು ಬೆಂಚು ಮತ್ತು ತೂಕ ಬದಲಿಸಬಹುದಾದ ಡಂಬೆಲ್ಲುಗಳಾಗಲಿ ಮೇಲು. ಚೌಕಟ್ಟಿಗೆ ಹತ್ತು ವರ್ಷ ವಾರಂಟಿ ಎಂದರೆ ಹಿಗ್ಗಬೇಕಿಲ್ಲ, ಚೌಕಟ್ಟು ಮುರಿಯುವುದು ಅಪರೂಪ. ಸವೆಯುವುದು ಕೇಬಲ್ಲು, ಅದೂ ರಾಟೆಯ ಮೇಲೆ ಮತ್ತೆ ಮತ್ತೆ ಬಾಗುವ ಕಡೆ ಮತ್ತು ಕೊಂಡಿಯ ಬುಡದಲ್ಲಿ. ನೈಲಾನ್ ಸೀಳಿ ಒಳಗಿನ ಉಕ್ಕಿನ ಎಳೆ ಕಂಡರೆ ಯಂತ್ರ ಅಂದಿಗೆ ಬಂದ್. ಇದೇ ಮಾದರಿಯ, ಇದೇ ಉದ್ದದ ಕೇಬಲ್ಲು ಮೂರು ವರ್ಷ ಬಿಟ್ಟು ಸಿಗುತ್ತದೆಯೇ ಎಂಬ ಒಂದು ಪ್ರಶ್ನೆಗೆ ಪೂರ್ವಪಕ್ಷಿ ಮ್ಯಾನೇಜರನ್ನು ಕರೆಯುತ್ತಾನೆ.

ಕೊನೆಯದು ಮೋಕ್ಷ ಪ್ರಕರಣ, ಲೋಕಭಾಷೆಯಲ್ಲಿ ಸೆಕೆಂಡ್ ಹ್ಯಾಂಡ್. ಎರಡನೆಯ ಜನ್ಮದ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಆದರೆ ಬಿಚ್ಚುವುದು, ಮೆಟ್ಟಿಲಿಳಿಸುವುದು, ಟೆಂಪೋ ಗೊತ್ತುಮಾಡುವುದು ಕೊಳ್ಳುವವನ ಪಾಲಿಗೆ. ಬಿಚ್ಚುವ ಮುಂಚೆ ಕೇಬಲ್ಲಿನ ಹಾದಿಯನ್ನು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಮರುಜೋಡಣೆಯಲ್ಲಿ ಒಂದು ರಾಟೆ ಉಳಿದುಹೋಗುತ್ತದೆ. ತಟ್ಟಿ ನೋಡಬೇಕು: ಕೆಲವು ಪ್ಲೇಟು ಕಬ್ಬಿಣದವು, ಕೆಲವು ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟು ತುಂಬಿದವು. ಮುಖ್ಯವಾಗಿ, ತೂಕ ಆರಿಸುವ ಪಿನ್ನು ಜೊತೆಗಿದೆಯೇ ಎಂದು ಕೇಳಬೇಕು. ಪಿನ್ನಿನ ದಪ್ಪ ಯಂತ್ರದಿಂದ ಯಂತ್ರಕ್ಕೆ ಬೇರೆ. ಸಣ್ಣದು ಹಾಕಿದರೆ ಎತ್ತುವಾಗ ಜಾರಿ ಗುಡ್ಡೆ ಧಡಾರೆಂದು ಬೀಳುತ್ತದೆ. ಪಿನ್ನಿನ ತೂತಿನಲ್ಲಿ ಸ್ಕ್ರೂಡ್ರೈವರ್ ತುರುಕಿದ್ದು ಕಂಡರೆ ಮಾಲೀಕರು ಹೇಳಿದ ಬೆಲೆಯನ್ನು ಅಲ್ಲಿಂದಲೇ ಇಳಿಸಲು ಶುರುಮಾಡಬಹುದು.