ಎಣ್ಣೆ ಸೋರಿಕೆ ಸಮಿತಿಗೆ ಒಂದು ಬಕೆಟ್ಟಿನ ಅರ್ಜಿ

ಕರಾವಳಿಯ ಯಾವ ಊರಲ್ಲಿ ಯಾವ ಸಲಕರಣೆ ಇಡಬೇಕೆಂದು ನಕಾಶೆ ಹಾಸಿಕೊಂಡು ಕೂತಿರುವ ಮಹನೀಯರಿಗೆ,

ಕಾರವಾರದ ಮೀನುಗಾರರ ಮನೆಯ ನೀಲಿ ಬಕೆಟ್ ಮಾಡುವ ನಮಸ್ಕಾರಗಳು. ನನ್ನ ಹಿಡಿ ಮುರಿದು ವರ್ಷವಾಯಿತು, ಈಗ ನೈಲಾನ್ ಹಗ್ಗವೇ ಹಿಡಿ. ತಳದಲ್ಲಿ ತಾರ್ಲೆಯ ಹುರುಪೆ ಅಂಟಿಕೊಂಡಿದೆ. ಆದರೂ ಅನುಭವದಲ್ಲಿ ನಿಮ್ಮ ಯಾವ ಯಂತ್ರಕ್ಕೂ ನಮ್ಮ ಕುಲ ಕಡಿಮೆಯಿಲ್ಲ.

700 ಟನ್ ತನಕ ಎಣ್ಣೆ ಸೋರಿದರೆ ಸ್ಥಳೀಯರೇ ನಿಭಾಯಿಸಬೇಕು ಎನ್ನುತ್ತದೆ ರಾಷ್ಟ್ರೀಯ ಯೋಜನೆ. ಸ್ಥಳೀಯರೆಂದರೆ ಬಂದರಿನವರು, ಎಣ್ಣೆ ಕಂಪನಿಯವರು ಎಂದುಕೊಂಡಿದ್ದೆವು. 2017ರ ಜನವರಿ 28ರಂದು ಎನ್ನೋರಿನ ಬಳಿ ಎರಡು ಹಡಗು ಡಿಕ್ಕಿ ಹೊಡೆದ ಮೇಲೆ ತಿಳಿಯಿತು, ಅದು ನಾವು! ಕಲ್ಲುಬಂಡೆಗಳ ಸಂದಿಯ ಕಪ್ಪು ರಾಡಿಯನ್ನು ಮೀನುಗಾರರೂ ಕಾಲೇಜು ಹುಡುಗರೂ ಕೈಯಲ್ಲಿ ಬಾಚಿ ತುಂಬಿದ್ದು ನನ್ನ ಬಂಧುಗಳಿಗೇ.

ಎಣ್ಣೆ ತಡೆಯುವ ತೇಲುಬೇಲಿಗೆ ನೀವು ಹುಡುಕುವ ಜಾಗ ನನಗೆ ಗೊತ್ತು: ಟಾರು ರಸ್ತೆ, ಗಟ್ಟಿ ಬೀಗ, ಸಾಹೇಬರು ತಪಾಸಣೆಗೆ ಬಂದರೆ ಕಾರು ತಿರುಗಿಸುವಷ್ಟು ಅಂಗಳ. ಒಳ್ಳೆಯದೇ. ಆದರೆ ಬೇಲಿಯನ್ನು ಎಳೆಯಲು ದೋಣಿ ಬೇಕಲ್ಲ? ಜೂನ್ 1ರಿಂದ ಜುಲೈ 31ರ ತನಕ ನಮ್ಮ ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಹಡಗುಗಳೋ, ಮಳೆಗಾಲದ ಹೊಸ್ತಿಲಲ್ಲೇ ಎಡವುತ್ತವೆ. ಓಷನ್ ಸೆರಾಯಾ ನಮ್ಮೂರಿನೆದುರಿನ ಬಂಡೆಗೆ ಬಡಿದದ್ದು 2006ರ ಮೇ 30ಕ್ಕೆ. ಎಂಎಸ್‌ಸಿ ಎಲ್ಸಾ 3 ಕೊಚ್ಚಿಯಾಚೆ ಮುಳುಗಿದ್ದು 2025ರ ಮೇ 25ಕ್ಕೆ. ಹದಿನೈದು ದಿನಕ್ಕೆ ವಾನ್ ಹೈ 503ಕ್ಕೆ ಬೆಂಕಿ. ಅಂಥ ಅಲೆಯಲ್ಲಿ ಬೇಲಿ ಹಾಕಿದರೂ ಎಣ್ಣೆ ಮೇಲಿಂದ ಹಾರುತ್ತದೆ, ಇಲ್ಲವೇ ಅಡಿಯಿಂದ ನುಸುಳುತ್ತದೆ. ನೀರು ಕುಡಿದು ಮೂರು ನಾಲ್ಕು ಪಟ್ಟು ಉಬ್ಬಿ ಲೇಹದಂತಾಗುತ್ತದೆ. ಸೆರಾಯಾದ ಎಣ್ಣೆ ಚೆಕ್‌ಪೋಸ್ಟಿನಲ್ಲಿ ನಿಲ್ಲದೆ ಗೋವಾಕ್ಕೂ ಹೋಗಿತ್ತು.

ಬೇಲಿ ನಿಲ್ಲುವುದು ಅಲೆ ಕಡಿಮೆಯಿರುವಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ಅಳಿವೆಗಳ ಒಳಗಿನ ನೀರಿಗೆ ನಿಮ್ಮ ಗುಂಡುಸೂಜಿ ಚುಚ್ಚಿ. ಅಘನಾಶಿನಿಯ ಕೆಸರಿನಲ್ಲಿ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಆಯುತ್ತಾರೆ. ಅಲ್ಲಿ ಎಣ್ಣೆ ಹೊಕ್ಕರೆ ಬಾಚಲು ನನ್ನಿಂದಂತೂ ಆಗದು. ಬೇಲಿ ಕಟ್ಟುವ ಗೂಟ ಈಗಲೇ ನೆಡಿ. ಬೀಗದಕೈ ದಡದ ಚಾ ಅಂಗಡಿಯಲ್ಲಿರಲಿ, ಅದು ಬೆಳಗಿನ ಐದಕ್ಕೇ ತೆರೆಯುತ್ತದೆ. ನಿಮ್ಮ ಕಚೇರಿ ಹತ್ತಕ್ಕೆ.

ಇದೆಲ್ಲ ಮುಂದಿನ ಸಭೆಗೆ ಹೋಗುವುದಾದರೆ ನನ್ನನ್ನೇ ಅಧಿಕೃತ ಸಲಕರಣೆಯೆಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಒಂದೇ ಷರತ್ತು: ಎಣ್ಣೆ ಹತ್ತಿದ ಬಕೆಟ್ಟಿಗೆ ಮತ್ತೆ ಮೀನು ಹಾಕುವಂತಿಲ್ಲ. ಒಡತಿ ಮರುದಿನ ಪೇಟೆಗೆ ಹೋಗಬೇಕು, ಅವಳಿಗೊಂದು ಹೊಸ ಬಕೆಟ್ ಮಂಜೂರು ಮಾಡಿ. ಹಿಡಿ ಇರುವಂಥದ್ದು.

ಇತಿ,
ನೀಲಿ ಬಕೆಟ್
(ಸದ್ಯ ಬಾವಿಕಟ್ಟೆಯ ಮೇಲೆ)