ಮೊದಲಿನ ರುಚಿಯ ರಾಯರು

ಉಡುಪಿಯ ಯಾವ ಹೋಟೆಲಿಗೆ ಹೋಗಿ, ಯಾವ ಮದುವೆಯ ಪಂಕ್ತಿಯಲ್ಲಿ ಕೂತುಕೊಳ್ಳಿ, ಮೊದಲ ತುತ್ತು ನುಂಗಿ ಪಕ್ಕದವರ ಕಡೆ ತಿರುಗಿ "ಮೊದಲಿನ ರುಚಿ ಇಲ್ಲ ಮಾರಾಯ್ರೆ" ಎನ್ನುವವರೊಬ್ಬರು ಇದ್ದೇ ಇರುತ್ತಾರೆ. ಅವರೇ ನಮ್ಮ ರಾಯರು. ಕಾಪುವಿನಲ್ಲಾದರೆ ಅವರು ಶೆಟ್ರು, ಕಾರ್ಕಳದಲ್ಲಾದರೆ ಪೈಗಳು. ಜಾತಿ ಬದಲಾದರೂ ಮಾತು ಬದಲಾಗುವುದಿಲ್ಲ. ರುಚಿ ಕೆಟ್ಟದ್ದು ಯಾವ ಇಸವಿಯಿಂದ ಎಂದು ಮಾತ್ರ ಕೇಳಬೇಡಿ. ಅವರ ಪ್ರಾಯ ಇಪ್ಪತ್ತು ದಾಟಿದ ಮರುದಿನದಿಂದ ಎಂದು ನನ್ನ ಅಂದಾಜು.

ರಾಯರು ಬ್ಯಾಂಕಿನವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ, "ಇನ್ನು ಪಾಸ್‌ಬುಕ್ಕಿನಲ್ಲೂ ಮೊದಲಿನ ರುಚಿ ಇಲ್ಲ" ಎಂದರಂತೆ. ಈಗ ಅವರ ಕಚೇರಿ ಮನೆಯ ಚಾವಡಿ, ಕಡತ ಟಿವಿ. ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ' ಇರಲಿ, ಮುರಳಿಯವರ 'ಒಗ್ಗರಣೆ ಡಬ್ಬಿ' ಇರಲಿ, ಸಾಲದ ಅರ್ಜಿ ಪರಿಶೀಲಿಸುವ ಮುಖ ಮಾಡಿಕೊಂಡೇ ನೋಡುತ್ತಾರೆ. "ಈರುಳ್ಳಿ ಎಂತಕ್ಕೆ ಈಗ?" "ತೆಂಗಿನೆಣ್ಣೆ ಹಾಕ್ಲಿಕ್ಕೆ ಆಗುದಿಲ್ವಾ ಇವರಿಗೆ?" "ಇಂಗಿನ ನೀರು ಎಲ್ಲುಂಟು?" ಟಿವಿಯಲ್ಲಿ ನಗುತ್ತಿರುವವರಿಗೆ ಇದು ಕೇಳುವುದಿಲ್ಲ. ಅಡುಗೆಮನೆಯಲ್ಲಿ ಇರುವವರಿಗೆ ಕೇಳುತ್ತದೆ.

ಅಡುಗೆಮನೆಯಲ್ಲಿ ಇರುವವರು ರಾಯರ ಹೆಂಡತಿ. ಅವರೂ ಬಾಗಿಲಲ್ಲಿ ನಿಂತು ಒಂದು ಗಳಿಗೆ ಟಿವಿ ನೋಡುವುದುಂಟು. ಆದರೆ ಅವರ ಕಣ್ಣು ಬಾಣಲೆಯ ಮೇಲೆ ಇರುವುದಿಲ್ಲ. ಮೇಜಿನ ಮೇಲೆ ಸಾಲಾಗಿ ಇಟ್ಟ ಗಾಜಿನ ಬಟ್ಟಲುಗಳ ಮೇಲೆ. ಒಂದರಲ್ಲಿ ಹೆಚ್ಚಿದ ಬೀನ್ಸ್, ಒಂದರಲ್ಲಿ ತುರಿದ ಕಾಯಿ, ಒಂದರಲ್ಲಿ ಅಳತೆ ಮಾಡಿದ ಉಪ್ಪು, ಪುಟ್ಟದೊಂದರಲ್ಲಿ ಬಿಡಿಸಿ ತೊಳೆದ ಕರಿಬೇವು. "ಹೀಗೆ ಹೆಚ್ಚಿ, ತುರಿದು, ತೊಳೆದು ಕೈಗೆ ಕೊಡುವವರು ಇದ್ರೆ ನಾನೂ ನಗಾಡಿಕೊಂಡೇ ಮಾಡ್ತೇನೆ. ಪಾತ್ರೆ ತೊಳೆಯುದನ್ನು ಒಂದು ದಿನವಾದ್ರೂ ತೋರ್ಸಿದ್ದಾರಾ ಕೇಳಿ" ಎನ್ನುತ್ತಾರೆ. ಟಿವಿಯ ಅಡುಗೆಯಷ್ಟು ದೊಡ್ಡ ರೆಡಿಮೇಡ್ ಇನ್ನೊಂದಿಲ್ಲ ಎಂಬ ಈ ಸೂಕ್ಷ್ಮ ಯಾವ ಪಾಕತಜ್ಞರ ಬಾಯಲ್ಲೂ ನಾನು ಕೇಳಿದ್ದಿಲ್ಲ.

ರಾಯರ ಸಿದ್ಧಾಂತ ಸರಳ. ಪ್ಯಾಕೆಟಿನಲ್ಲಿ ಬಂದದ್ದು ಅಡುಗೆಯಲ್ಲ. ಹುಳಿಗೆ ಮಸಾಲೆ ಆಗಿಂದಾಗ ಹುರಿಯಬೇಕು, ಕಾಯಿಯ ಜೊತೆ ಅರೆಯಬೇಕು. ಅರೆಯುವುದೂ ಕಡೆಯುವ ಕಲ್ಲಿನಲ್ಲೇ ಆದರೆ ಉತ್ತಮ. ಆ ಕಲ್ಲು ಈಗ ಅಂಗಳದ ಮೂಲೆಯಲ್ಲಿ ಮಳೆನೀರು ತುಂಬಿಕೊಂಡು ಕಾಗೆಗಳಿಗೆ ಉಪಯೋಗಕ್ಕೆ ಬರುತ್ತಿದೆ. ಅದನ್ನು ಒಳಗೆ ತರೋಣವೇ ಎಂದರೆ ರಾಯರು ಸೊಂಟ ಹಿಡಿದುಕೊಳ್ಳುತ್ತಾರೆ. ಮತ್ತೆ ಅವರ ಅಜ್ಜ, ಮಿಲ್ಲಿನ ಕುಚ್ಚಲಕ್ಕಿ ಮನೆಗೆ ಬಂದ ಕಾಲಕ್ಕೆ, ಗಂಜಿಗೆ ಮೊದಲಿನ ರುಚಿ ಇಲ್ಲ ಎಂದು ಗೊಣಗಿದ್ದರಂತೆ. ಒನಕೆ ಹಿಡಿಯುತ್ತಿದ್ದದ್ದು ಅಜ್ಜ ಅಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇದೇ ರಾಯರನ್ನು ಅಷ್ಟಮಿಯ ಮುನ್ನಾದಿನ ರಥಬೀದಿಯಲ್ಲಿ ನೋಡಬೇಕು. ಮೂಡೆಯ ಕೊಟ್ಟೆಗಳ ರಾಶಿಯ ಮುಂದೆ ಚೀಲ ಹಿಡಿದು ನಿಂತಿರುತ್ತಾರೆ. ಮೂಡೆ ಕಟ್ಟುವುದು ಹುಡುಗಾಟವಲ್ಲ. ಮುಂಡೇವಿನ ಎಲೆಯ ಎರಡು ಅಂಚಿನಲ್ಲೂ ಮುಳ್ಳು, ಬೆನ್ನಿನ ನಡುನರದಲ್ಲೂ ಮುಳ್ಳು. ಅಷ್ಟನ್ನೂ ಕತ್ತಿಯಿಂದ ಸವರಿ, ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಮೆತ್ತಗೆ ಮಾಡಿ, ಸುರುಳಿ ಸುತ್ತುತ್ತಾ ಕೊಳವೆಯಾಗಿಸಿ, ಬಿಚ್ಚದಂತೆ ಮುಳ್ಳು ಚುಚ್ಚಬೇಕು. ಸುತ್ತು ಸಡಿಲವಾದರೆ ಹಿಟ್ಟೆಲ್ಲ ಹಬೆಪಾತ್ರೆಯ ತಳಕ್ಕೆ. ಈ ಕೆಲಸವನ್ನೆಲ್ಲ ಯಾವುದೋ ಹಳ್ಳಿಯ ಹೆಂಗಸು ಬೆರಳು ಗೀರಿಸಿಕೊಂಡು ಮುಗಿಸಿ ತಂದಿರುತ್ತಾಳೆ. ರಾಯರು ಚೌಕಾಸಿ ಮಾಡಿ ಕೊಳ್ಳುತ್ತಾರೆ. ಇದು ರೆಡಿಮೇಡ್ ಅಲ್ಲವೇ ಎಂದರೆ, "ಇದು ಸಂಪ್ರದಾಯ ಮಾರಾಯ್ರೆ!"

ಮಟ್ಟುಗುಳ್ಳದ ವಿಷಯವೂ ಅಷ್ಟೆ. ಕಾಪು ತಾಲೂಕಿನ ಮಟ್ಟುವಿನ ಈ ಬದನೆಯ ಬೀಜ ಕೊಟ್ಟವರು ವಾದಿರಾಜ ಸ್ವಾಮಿಗಳು ಎಂಬ ಪ್ರತೀತಿ. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ನಕಲಿ ಗುಳ್ಳ ಬರುತ್ತದೆಂದು ಬೆಳೆಗಾರರೇ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ರಾಯರು ಕನ್ನಡಕ ಏರಿಸಿ ಮೊದಲು ಹುಡುಕುವುದು ಆ ಸ್ಟಿಕ್ಕರನ್ನು. ಚೀಟಿ ಗುಳ್ಳದ ಮೇಲಿದ್ದರೆ ಪರಂಪರೆ, ಹುಳಿಪುಡಿಯ ಪ್ಯಾಕೆಟಿನ ಮೇಲಿದ್ದರೆ ಪತನ. ಕಾಪುವಿನ ಶೆಟ್ರ ಕತೆ ಇನ್ನೂ ಚೆನ್ನ. ಬಂಗುಡೆಯ ಸಾರಿಗೆ ಪ್ಯಾಕೆಟಿನ ಮಸಾಲೆ ಮುಟ್ಟಿಸಲು ಬಿಡದವರು, ಕೋರಿ ರೊಟ್ಟಿಗೆ ಬೇಕಾದ ರೊಟ್ಟಿಯನ್ನು ಮಾತ್ರ ಪೇಟೆಯಿಂದಲೇ ತರುತ್ತಾರೆ, ಪ್ಯಾಕೆಟಿನಲ್ಲಿ, ಹಾಯಾಗಿ.

ಒಮ್ಮೆ ನಾನು ತಡೆಯಲಾರದೆ ರಾಯರಿಗೆ ಎಂಟಿಆರ್ ಕತೆ ಹೇಳಿದೆ. ಕೋಟ-ಸಾಲಿಗ್ರಾಮದ ಬಗಲಿನ ಪಾರಂಪಳ್ಳಿಯಿಂದ ಹೋದ ಮಯ್ಯರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಬೇಯಿಸಿದರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲಿನ ತಿಂಡಿಗೆ ದರ ಕಟ್ಟಿದಾಗ, ಆ ದರದಲ್ಲಿ ನಡೆಸಲಾಗದೆ ಬಾಗಿಲು ಹಾಕಿ, ಕೆಲಸಗಾರರನ್ನು ಕೈಬಿಡದಿರಲು ಪುಡಿ, ಮಿಕ್ಸ್‌ಗಳನ್ನು ಕಟ್ಟಿ ಮಾರತೊಡಗಿದರು. ಎಂದರೆ ನೀವು ಶಪಿಸುವ ಪ್ಯಾಕೆಟಿನ ಬೇರು ನಿಮ್ಮ ಜಿಲ್ಲೆಯಲ್ಲೇ ಉಂಟು ರಾಯರೇ ಎಂದೆ.

ರಾಯರು ಗಲ್ಲ ಉಜ್ಜಿಕೊಂಡರು. "ಅದು ಬೇರೆ. ಅವರು ನಮ್ಮವರು."

"ಆ ಪುಡಿಯ ಕಂಪನಿಯನ್ನು 2007ರಲ್ಲೇ ನಾರ್ವೆಯ ಓರ್ಕ್ಲಾದವರು ಕೊಂಡುಕೊಂಡರು."

"ಹಾಗೆ ಹೇಳಿ ಮತ್ತೆ! ಅದಕ್ಕೇ!"

ಏನು ಅದಕ್ಕೇ ಎಂದು ಕೇಳಿದರೆ ಉತ್ತರವಿಲ್ಲ. ಆ ಪ್ಯಾಕೆಟನ್ನು ಅವರು ಜನ್ಮದಲ್ಲಿ ಬಿಡಿಸಿದವರೇ ಅಲ್ಲ.

ಮಗ-ಸೊಸೆ ಇರುವುದು ಮಣಿಪಾಲದ ಫ್ಲ್ಯಾಟಿನಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವವರು. ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪ್ಯಾಕೆಟ್ ನೋಡಿದ ದಿನ ರಾಯರು ಅಲ್ಲಿ ನೀರೂ ಕುಡಿಯಲಿಲ್ಲವಂತೆ. ಸೊಸೆ ಜಾಣೆ. ಜಗಳ ಮಾಡದೆ ಮಾವನನ್ನು ಪಾಕಕಲೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಮಾಸ್ಟರ್‌ಶೆಫ್ ಇಂಡಿಯಾದ ತೀರ್ಪುಗಾರರಾಗಿ ಟಿವಿಯಲ್ಲಿ ಹೆಸರಾದ ವಿಕಾಸ್ ಖನ್ನಾ ಕಲಿತದ್ದು ಮಣಿಪಾಲದ ಹೋಟೆಲ್ ಆಡಳಿತ ಕಾಲೇಜಿನಲ್ಲಿ. ದೇಶದ ಮೂಲೆಮೂಲೆಯಿಂದ ಅವರು ಕೂಡಿಹಾಕಿದ ಅಡುಗೆಮನೆಯ ಹಳೆಯ ಪಾತ್ರೆಪರಿಕರಗಳನ್ನು ಅಲ್ಲೇ 2018ರಲ್ಲಿ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ರಾಯರಿಗೆ ಮೈಯೆಲ್ಲ ಹಿಗ್ಗು. "ನೋಡು, ಅಮೃತಸರದವನಿಗೂ ಅಡುಗೆ ಹೇಳಿಕೊಟ್ಟದ್ದು ನಮ್ಮ ಊರು!"

"ಹೌದು ಮಾವ" ಎಂದಳು ಸೊಸೆ. "ನೀವು ಅತ್ತೆಯ ಹತ್ರ ಬಳಸ್ಲಿಕ್ಕೆ ಹೇಳುವುದನ್ನೆಲ್ಲ ಇಲ್ಲಿ ಮುಟ್ಲಿಕ್ಕೂ ಇಲ್ಲ ಅಂತ ಇಟ್ಟಿದ್ದಾರೆ."

ರಾಯರ ಮಾತಿನಲ್ಲಿ ಸುಳ್ಳಿಲ್ಲ, ಅದನ್ನೂ ಹೇಳಬೇಕು. ಆಗಷ್ಟೇ ಹುರಿದ ಕೊತ್ತಂಬರಿ, ಮೆಂತೆ, ಬ್ಯಾಡಗಿ ಮೆಣಸನ್ನು ಹಸಿಕಾಯಿಯ ಜೊತೆ ಅರೆದು ಕುದಿಸಿದ ಗುಳ್ಳದ ಹುಳಿಯ ಎದುರು ಪುಡಿಯ ಹುಳಿ ನಿಲ್ಲುವುದಿಲ್ಲ. ಆಟಿಯ ಮಳೆಯಲ್ಲಿ ಕೆಸುವಿನ ಎಲೆಯ ನರ ಕೆತ್ತಿ, ಹುಳಿ-ಬೆಲ್ಲ ಬಿದ್ದ ಅಕ್ಕಿಯ ಅರಪ್ಪು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುತ್ತಿ ಬೇಯಿಸಿದ ಪತ್ರೊಡೆಗೆ ಸಮ ಯಾವುದುಂಟು? ಮಾಡುವವರಿಗೂ ಅದು ಗೊತ್ತು, ರಾಯರಿಗಿಂತ ಚೆನ್ನಾಗಿಯೇ ಗೊತ್ತು. ಹಿಟ್ಟಿನ ಪ್ಯಾಕೆಟ್ ಕೊಳ್ಳುವವರು ರುಚಿ ಸತ್ತು ಕೊಳ್ಳುವುದಲ್ಲ, ಬೆಳಗ್ಗೆ ಎಂಟರ ಬಸ್ಸಿಗೆ ಹೆದರಿ ಕೊಳ್ಳುವುದು. ಮೊದಲಿನ ರುಚಿಯ ಹಿಂದೆ ಮೊದಲಿನ ದುಡಿಮೆಯೂ ಇತ್ತು. ಅದರಲ್ಲಿ ರಾಯರ ಪಾಲು ಎಲೆಯ ಮುಂದೆ ಕೂತದ್ದು ಮಾತ್ರ.

ನಿಮ್ಮ ಮನೆಯಲ್ಲೂ ಇಂಥ ರಾಯರೊಬ್ಬರು ಇದ್ದರೆ ವಾದಕ್ಕೆ ಹೋಗಬೇಡಿ. ಬರುವ ಅಷ್ಟಮಿಗೆ ಕೊಟ್ಟೆ ಕೊಳ್ಳದೆ ಒಂದು ಕಟ್ಟು ಹಸಿ ಮುಂಡೇವಿನ ಎಲೆ ತರಿಸಿ, ಕತ್ತಿಯೊಂದಿಗೆ ಅವರ ಮುಂದೆ ಇಡಿ. ಟಿವಿ ಬೇಕಾದರೆ ಹಚ್ಚಿಯೇ ಇರಲಿ.